ಬೀಗದಕ್ಕನ ಸೊನ್ನೆ ಅರ್ಜಿ

ವಿಶ್ವವಿದ್ಯಾಲಯದ ಆ ಮೂರಂತಸ್ತಿನ ಕಟ್ಟಡಕ್ಕೆ ಅರವತ್ತಮೂರು ಬಾಗಿಲು. ಅಷ್ಟಕ್ಕೂ ಕೀಲಿಕೈ ಇದ್ದದ್ದು ಒಬ್ಬಳ ಸೊಂಟದಲ್ಲಿ. ಕುಲಪತಿಗಳ ಹತ್ತಿರವೂ ಇದ್ದದ್ದು ತಮ್ಮ ಕೋಣೆಯದ್ದೊಂದೇ. ಕಸ ಗುಡಿಸುವ ಹೆಂಗಸರ ಮೇಲ್ವಿಚಾರಕಿಯಾದ ಅವಳನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಕೀಲಿ ಕಳೆದವಳಲ್ಲ. ಅದನ್ನು ದಿನಕ್ಕೆರಡು ಸಲ ಹೇಳದೆ ಬಿಟ್ಟವಳೂ ಅಲ್ಲ.

ಇಷ್ಟೆಲ್ಲ ಬಾಗಿಲು ತೆರೆಯುವವಳು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಮಾತ್ರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಒಂದು ಕಡೆ ಬಕೆಟ್ಟು, ಇನ್ನೊಂದು ಕಡೆ ಫಿನಾಯಿಲ್ ಡಬ್ಬ, ನಡುವೆ ಅವಳೂ ಸೇರಿ ಎಂಟು ಹೆಂಗಸರು. ಮೆಟ್ಟಿಲು ನೆತ್ತಿಯ ಮೇಲೇ ಇಳಿದು ಬರುವುದರಿಂದ ಎಲ್ಲರೂ ತಲೆ ಬಗ್ಗಿಸಿಯೇ ಉಣ್ಣಬೇಕು. ಅವರಲ್ಲಿ ಕಿರಿಯವಳು ಐದು ತಿಂಗಳ ಬಸುರಿ. ಬಗ್ಗಲಾರದೆ ಹೊರಗೆ ಗೋಡೆಗೊರಗಿ ನಿಂತೇ ಉಣ್ಣುತ್ತಿದ್ದಳು. ಅದು ಬೀಗದಕ್ಕನಿಗೆ ನೋಡಲಾಗುತ್ತಿರಲಿಲ್ಲ.

ಹಾಗೆಂದು ಜಾಗವೇ ಇರಲಿಲ್ಲವೇ? ಸಂದಿಯ ಪಕ್ಕದಲ್ಲೇ ಒಂದು ಕೋಣೆ. ಒಳಗೆ ಇಪ್ಪತ್ತು ಕುರ್ಚಿ, ಉದ್ದನೆಯ ಮೇಜು, ಹಳೆಯ ಸಮಾರಂಭಗಳ ಬ್ಯಾನರುಗಳು. ಪ್ರತಿ ಶುಕ್ರವಾರ ಬೀಗ ತೆಗೆದು, ‘ನಾವೆಲ್ಲರೂ ಒಂದೇ’ ಎಂಬ ಬ್ಯಾನರಿನ ಧೂಳು ಹೊಡೆದು, ಮತ್ತೆ ಬೀಗ ಹಾಕುವವಳು ಇವಳೇ. ಒಮ್ಮೆ ಧೈರ್ಯ ಮಾಡಿ ಎಲ್ಲರನ್ನೂ ಅಲ್ಲಿ ಕೂರಿಸಿಕೊಂಡು ಉಂಡದ್ದಕ್ಕೆ ಕಟ್ಟಡದ ಉಸ್ತುವಾರಿ ‘ಅನಧಿಕೃತ ಬಳಕೆ’ ಎಂದು ನೋಟಿಸು ಕೊಟ್ಟಿದ್ದ.

ಹೀಗಿರುವಾಗ ಸೂಚನಾ ಫಲಕದ ಗಾಜು ಒರೆಸುತ್ತಿದ್ದವಳಿಗೆ ಒಂದು ಪ್ರಕಟಣೆ ಕಂಡಿತು. ಎಲ್ಲರಿಗೂ ‘ಈ ವಿಶ್ವವಿದ್ಯಾಲಯ ನಮ್ಮದು’ ಅನ್ನಿಸುವಂತೆ ಮಾಡಲು ಕಿರು ಅನುದಾನವಂತೆ. ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ, ಯಾರು ಬೇಕಾದರೂ ಅರ್ಜಿ ಹಾಕಬಹುದಂತೆ.

ಅರ್ಜಿ ತುಂಬಲು ಗಂಡನನ್ನು ಕೂರಿಸಿದಳು. ದರ್ಜಿಯಾದ ಅವನ ಅಕ್ಷರ ಹೊಲಿಗೆಯಷ್ಟೇ ಒಪ್ಪ. ಆದರೆ ಮೊತ್ತದ ಜಾಗದಲ್ಲಿ ಸೊನ್ನೆ ಬರಿ ಎಂದಾಗ ಅವನಿಗೆ ಸಹಿಸಲಾಗಲಿಲ್ಲ.

“ಕೊಡ್ತೀವಿ ಅಂತ ಅವರೇ ಕರೀತಾ ಇದಾರೆ. ಸ್ವಲ್ಪ ದೊಡ್ಡದಾಗೇ ಕೇಳೇ.”

“ದುಡ್ಡು ಯಾಕ್ರೀ? ಕೋಣೆ ಇದೆ, ಕುರ್ಚಿ ಇದೆ, ಕೀಲಿ ನನ್ನ ಸೊಂಟದಲ್ಲೇ ಇದೆ. ಕೂತ್ಕೊಳ್ಳಿ ಅಂತ ಒಂದು ಮಾತು ಬೇಕು, ಅಷ್ಟೇ.”

ಅರ್ಜಿ ಮೂರನೇ ದಿನವೇ ವಾಪಸು ಬಂತು. ಅನುದಾನದ ಗುಮಾಸ್ತ ಕಂಪ್ಯೂಟರಿನ ಕಡೆ ಬೆರಳು ಮಾಡಿದ. “ಸೊನ್ನೆ ಹಾಕಿದ್ರೆ ಇದು ಮುಂದಕ್ಕೇ ಹೋಗಲ್ಲಮ್ಮ. ಏನಾದ್ರೂ ಕೇಳಿ.”

“ಏನೂ ಬೇಡ ಅನ್ನೋದೂ ತಪ್ಪಾ ಸರ್?”

“ತಪ್ಪಲ್ಲ. ಅದಕ್ಕೆ ಕಾಲಂ ಇಲ್ಲ.”

ಸರಿ, ಒಂದು ಚಾಪೆ ಕೇಳಿದಳು. ಸಾಮಾನು ಖರೀದಿಗೆ ಅವಕಾಶವಿಲ್ಲ, ಕಾರ್ಯಕ್ರಮವೇ ಆಗಬೇಕು ಎಂದು ಅದೂ ವಾಪಸು ಬಂತು. ‘ದಿನವೂ ಒಂದು ಗಂಟೆಗೆ ಊಟ’ ಎಂಬ ಕಾರ್ಯಕ್ರಮ ಬರೆಸಿದಳು. ಗುಮಾಸ್ತ ತಲೆ ಚಚ್ಚಿಕೊಂಡ. ಅವನೇನು ಕೆಟ್ಟವನಲ್ಲ. “ಊಟ ಅಂದ್ರೆ ಯಾರು ಕೊಡ್ತಾರಮ್ಮ? ‘ಸಹಭೋಜನ ಸಂವಾದ’ ಅನ್ನಿ” ಎಂದು ತಾನೇ ತಿದ್ದಿ, ಚಹಾದ ಖರ್ಚೆಂದು ಒಂದಿಷ್ಟು ಮೊತ್ತ ತುಂಬಿದ. ಬೇಡವೆಂದರೂ ಬಿಡದೆ ಕೊಡುವ ಇಂಥ ದಾನವನ್ನು ಬೀಗದಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಷ್ಟು ಹೊತ್ತಿಗೆ ಬಸುರಿಗೆ ಏಳು ತುಂಬಿತ್ತು. ಕಾಲು ಊದಿತ್ತು.

ಸಂದರ್ಶನಕ್ಕೆ ಕರೆದರು. ಮೂವರು ಪ್ರಾಧ್ಯಾಪಕರು ಕೂತಿದ್ದರು. ನಡುವಿನ ಮೇಡಂ ಬಹಳ ನಯವಾಗಿ ಕೇಳಿದರು: “ಇದರಿಂದ ನಿಮ್ಮಲ್ಲಿ ‘ನಾವೂ ಇಲ್ಲಿಯವರು’ ಅನ್ನೋ ಭಾವನೆ ಎಷ್ಟು ಹೆಚ್ಚುತ್ತೆ ಅಂತ ಹೇಗೆ ಅಳೀತೀರಿ?”

ಬೀಗದಕ್ಕನಿಗೆ ಮೈಯೆಲ್ಲ ಉರಿಯಿತು. “ಅಳೆಯೋಕೇನಿದೆ ಮೇಡಂ? ಈಗ ತಲೆ ಬಗ್ಗಿಸಿ ಉಣ್ತೀವಿ. ನಾಳೆ ತಲೆ ಎತ್ತಿ ಉಂಡ್ರೆ ಹೆಚ್ಚಿದೆ ಅಂತ ಬರ್ಕೊಳ್ಳಿ. ಒಬ್ಳು ಹೊಟ್ಟೆ ಹೊತ್ಕೊಂಡು ನಿಂತೇ ಉಣ್ತಾ ಇದಾಳೆ. ಅವಳು ಹೆರೋದ್ರೊಳಗೆ ಅಳತೆ ಮುಗಿಸಿ.”

ಮೂವರೂ ಬರೆದುಕೊಂಡರು. ಕೋಣೆ ಕೊಡುತ್ತೇವೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ‘ಪರಿಶೀಲಿಸುತ್ತೇವೆ’ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂದೇ ಅವಳಿಗೆ ತಿಳಿಯಲಿಲ್ಲ.

ಪತ್ರ ಬಂದಾಗ ಬಸುರಿಗೆ ಎಂಟು ತಿಂಗಳು. ಪ್ರಾಯೋಗಿಕವಾಗಿ ಮೂರು ತಿಂಗಳು, ಪ್ರತಿದಿನ ಒಂದರಿಂದ ಒಂದೂವರೆಯವರೆಗೆ, ವಾರಕ್ಕೊಮ್ಮೆ ಅಭಿಪ್ರಾಯ ಪತ್ರ ತುಂಬುವ ಷರತ್ತಿನೊಂದಿಗೆ ಕೋಣೆ ಮಂಜೂರಾಗಿತ್ತು.

ಮೊದಲ ದಿನ ಬೀಗದಕ್ಕ ಬಾಗಿಲು ತೆಗೆದು, ಬ್ಯಾನರುಗಳನ್ನು ಮೂಲೆಗೆ ಸರಿಸಿ, ಎಂಟು ಕುರ್ಚಿ ಹಾಕಿದಳು. ಬಸುರಿಯ ಕಾಲಿಗೊಂದು ಹೆಚ್ಚಿನ ಕುರ್ಚಿ. ಬುತ್ತಿ ಬಿಚ್ಚಿ ಎರಡು ತುತ್ತು ಉಂಡಿದ್ದರೋ ಇಲ್ಲವೋ, ಬಾಗಿಲು ತೆರೆಯಿತು. ಯಾವುದೋ ವಿಭಾಗದ ಪ್ರಾಧ್ಯಾಪಕರು.

ಎಂಟೂ ಜನ ದಡಕ್ಕನೆ ಎದ್ದು ನಿಂತರು. ಬಸುರಿಯೂ ಮೇಜು ಹಿಡಿದು ಎದ್ದಳು.

“ಅಯ್ಯೋ, ಕೂತ್ಕೊಳ್ಳಿ. ಕೋಣೆ ತಪ್ಪಿ ಬಂದೆ” ಎಂದು ಅವರು ಬಾಗಿಲು ಮುಚ್ಚಿಕೊಂಡು ಹೋದರು. ಆಮೇಲೂ ಯಾರೂ ಕೂರಲಿಲ್ಲ.

ಮೂರು ತಿಂಗಳಿಂದ ಬೀಗದಕ್ಕ ಗುಮಾಸ್ತನ ಮೇಲೆ, ಸಮಿತಿಯ ಮೇಲೆ, ಉಸ್ತುವಾರಿಯ ಮೇಲೆ ಹರಿಹಾಯ್ದಿದ್ದಳು. ಈಗ ಸಿಟ್ಟು ಬಂದದ್ದು ತನ್ನ ಮೊಣಕಾಲುಗಳ ಮೇಲೆ. ಅವಳನ್ನೊಂದು ಮಾತೂ ಕೇಳದೆ ಅವು ಎದ್ದುಬಿಟ್ಟಿದ್ದವು.

“ಏಳಿ ಅಂತ ಯಾರು ಹೇಳಿದ್ರೇ ನಮಗೆ?” ಎಂದು ಕೂಗಿದಳು. ನಾಚಿಕೆಯಿಂದ ಅವಳ ಕಣ್ಣು ತುಂಬಿತು. “ಕೂತ್ಕೋ ಮಗಳೇ” ಎಂದು ಬಸುರಿಯನ್ನು ಕೂರಿಸಿ, ತಾನೂ ಕೂತಳು. ಉಳಿದವರು ಒಬ್ಬೊಬ್ಬರಾಗಿ ಕೂತರು.

ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು ತೆರೆಯಿತು. ಈ ಸಲ ಉಸ್ತುವಾರಿಯೇ ಬಂದಿದ್ದ. ಕುರ್ಚಿಗಳು ಕಿರ್ರೆಂದವು. ಬೀಗದಕ್ಕನ ಎಡಗೈ ಬಸುರಿಯ ಹೆಗಲ ಮೇಲೆ ಬಿದ್ದು, ಏಳದಂತೆ ಒತ್ತಿ ಹಿಡಿಯಿತು. ಏಳಹೊರಟ ತನ್ನ ಮೊಣಕಾಲುಗಳನ್ನೂ ಅವಳು ಏಳಗೊಡಲಿಲ್ಲ. ಬಾಯಲ್ಲಿದ್ದ ತುತ್ತನ್ನು ಅವಸರವಿಲ್ಲದೆ ಅಗಿದು ನುಂಗಿ, ಕೂತಲ್ಲಿಂದಲೇ ಕೇಳಿದಳು.

“ಏನು ಬೇಕಿತ್ತು ಸರ್?”