ಎರಡನೇ ಬ್ರೇಕಿನ ಮೇಲಿನ ಕಾಲು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಕಾರಿನ ಗಾಜು ಒರೆಸುತ್ತಿದ್ದಾರೆ. ಮೊದಲು ಮುಂದಿನ ಗಾಜು, ಆಮೇಲೆ ಮೂರೂ ಕನ್ನಡಿ, ಕೊನೆಗೆ ತಮಗೆಂದೇ ಅಂಟಿಸಿಕೊಂಡ ನಾಲ್ಕನೆಯ ಪುಟ್ಟ ಕನ್ನಡಿ. ಓಡಿಸುವವರ ಪಕ್ಕದ ಸೀಟಿನ ಮುಂದೆ, ಕಾಲಿಗೆ ಎಟಕುವಂತೆ ಇನ್ನೊಂದು ಬ್ರೇಕ್ ಇದೆ. ಅದು ಮೇಷ್ಟ್ರದು. ಅದರ ರಬ್ಬರು ಒಂದು ಬದಿಯಷ್ಟೇ ಸವೆದಿದೆ. ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಸಲ ಬದಲಾಯಿಸಿದ್ದಾರೆ.

"ನಾನು ದುಡಿಯೋದು ಈ ಒಂದು ಪಾದದಲ್ಲೇ," ಎನ್ನುತ್ತಾರೆ. "ಬಾಯಿ ಇರೋದು ಬೈಯೋಕೆ."

ದಿನಕ್ಕೆ ಏಳು ಮಂದಿ, ತಲೆಗೆ ನಲವತ್ತು ನಿಮಿಷ. ಈವರೆಗೆ ಕಲಿತು ಹೋದವರು ಎರಡು ಸಾವಿರ ದಾಟಿದ್ದಾರೆ. ಗೇರು, ಕ್ಲಚ್ಚು ಮೊದಲ ವಾರಕ್ಕೇ ಮುಗಿಯುತ್ತದೆ. ಉಳಿದದ್ದೆಲ್ಲ ಬೇರೆಯವರ ತಪ್ಪಿನಿಂದ ತಪ್ಪಿಸಿಕೊಂಡು ಮನೆ ಸೇರುವ ಪಾಠ. ಮುಂದಿನ ಗಾಡಿ ಕಂಬ ದಾಟಿದ ಮೇಲೆ ನಿಧಾನಕ್ಕೆ ಮೂರು ಎಣಿಸಬೇಕು, ಅಷ್ಟರೊಳಗೆ ನಾವು ಆ ಕಂಬ ಮುಟ್ಟಬಾರದು. ನಿಂತ ಕಾರಿನೊಳಗೆ ತಲೆ ಕಂಡರೆ, ಬಾಗಿಲು ತೆರೆದೀತೆಂದು ದೂರ ಸರಿಯಬೇಕು. ಚೆಂಡು ಉರುಳಿ ಬಂದರೆ ಹಿಂದೆಯೇ ಮಗು ಇದೆ ಎಂದುಕೊಳ್ಳಬೇಕು. ಹಿಂದಿನವನು ಹಾರ್ನ್ ಬಾರಿಸಿದರೆ?

"ಬಾರಿಸ್ಕೊಳ್ಲಿ ಬಿಡಿ. ಹಾರ್ನ್ ಅವನ್ದು, ಕೈ ಅವನ್ದು. ನಮ್ಮ ಗಂಟೇನು ಹೋಗುತ್ತೆ?"

ಎಲ್ಲಕ್ಕಿಂತ ಹೆಚ್ಚಾಗಿ ಅವರ ಬಾಯಲ್ಲಿ ಬರುವುದು 'ಚಕ್ರ ನೋಡು' ಎಂಬ ಮಾತು. ಬರುವ ಗಾಡಿ ಇಂಡಿಕೇಟರ್ ಮಿನುಗಿಸಿದರೆ ನಂಬಬಾರದು, ಅದರ ಮುಂದಿನ ಚಕ್ರ ಆ ಕಡೆಗೆ ಹೊರಳುವುದನ್ನು ಕಣ್ಣಾರೆ ನೋಡಬೇಕು. ಕಲಿಯುವವರು ಬೆನ್ನ ಹಿಂದೆ 'ಚಕ್ರದ ಮೇಷ್ಟ್ರು' ಎಂದು ನಗುತ್ತಾರೆ. ಇದು ಅವರ ಕಿವಿಗೂ ಬಿದ್ದಿದೆ.

ಮೊದಲು ಅವರು ಹೀಗೆ ಹೇಳಿಕೊಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬಳೇ ತಂಗಿಗೆ ಕಾರು ಕಲಿಸಿದರು. ಕಲಿತು ತಿಂಗಳೂ ಆಗಿರಲಿಲ್ಲ. ಅಡ್ಡರಸ್ತೆಯ ತುದಿಯಲ್ಲಿ ನಿಂತಿದ್ದಾಗ ಬಲಗಡೆಯಿಂದ ಲಾರಿಯೊಂದು ಎಡಕ್ಕೆ ಇಂಡಿಕೇಟರ್ ಹಾಕಿಕೊಂಡು ಬಂತು. ಈ ರಸ್ತೆಗೇ ತಿರುಗುತ್ತದೆಂದು ಅವಳು ಮುಂದೆ ಬಂದಳು. ಹಿಂದಿನ ತಿರುವಿನಲ್ಲಿ ಹಾಕಿದ್ದನ್ನು ಲಾರಿಯವನು ಆರಿಸಲು ಮರೆತಿದ್ದ. ಲಾರಿ ನೇರ ಬಂತು.

"ಎಲ್ಲರೂ ಅವಳದೇ ತಪ್ಪು, ಹೊಸ ಡ್ರೈವರ್ ಅಂದ್ರು," ಎನ್ನುತ್ತಾ ಮೇಷ್ಟ್ರು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಾರೆ. "ಅವಳು ತಪ್ಪು ಮಾಡ್ಲಿಲ್ಲ. ಇಂಡಿಕೇಟರ್ ಹಾಕಿದ್ರೆ ತಿರುಗ್ತಾನೆ, ನೀನು ನುಗ್ಗು ಅಂತ ಹೇಳಿದ್ದೇ ನಾನು. ಹೇಳ್ಕೊಟ್ಟ ಹಾಗೇ ಮಾಡಿದ್ಲು."

ತಂಗಿ ಬಿಟ್ಟುಹೋದ ನಾಲ್ಕು ವರ್ಷದ ಮಗಳನ್ನು ಸಾಕಿದವರು ಅವರೇ. ಅವಳಿಗೀಗ ಇಪ್ಪತ್ಮೂರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್ ಕೆಲಸ ಸಿಕ್ಕಿದೆ. ಸೋಮವಾರದಿಂದ ಆಸ್ಪತ್ರೆಯ ಕಾರು ಓಡಿಸಬೇಕು, ಲೈಸೆನ್ಸ್ ಪರೀಕ್ಷೆ ನಾಳೆ.

ಈ ಸ್ಕೂಲಿನಲ್ಲಿ ಒಂದು ಮಾತಿದೆ, 'ಕಾಲು ಹಿಂದೆ'. ಕಲಿತದ್ದು ಸಾಕು ಅನ್ನಿಸಿದ ದಿನ ಮೇಷ್ಟ್ರು ತಮ್ಮ ಬ್ರೇಕಿನ ಮೇಲಿನ ಕಾಲನ್ನು ಸದ್ದಿಲ್ಲದೆ ಸೀಟಿನಡಿಗೆ ಎಳೆದುಕೊಳ್ಳುತ್ತಾರೆ. ಅದಾಗದವರನ್ನು ಪರೀಕ್ಷೆಗೆ ಕಳಿಸುವುದಿಲ್ಲ. ಸಾಮಾನ್ಯರಿಗೆ ಇಪ್ಪತ್ತೈದು ದಿನ ಸಾಕು. ತಂಗಿಯ ಮಗಳಿಗೆ ಇವತ್ತು ನಲವತ್ತೊಂದನೇ ದಿನ.

"ನಿನ್ನ ಕಾಲಿಗೆ ಬೇರು ಬಂದಿದೆ ಮಾವ," ಎನ್ನುತ್ತಾ ಅವಳು ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾಳೆ.

"ನೀನು ರಸ್ತೆ ನೋಡು, ನನ್ನ ಕಾಲು ನಾನು ನೋಡ್ಕೋತೀನಿ."

ಅವಳು ಅಮ್ಮನ ಹಾಗೆಯೇ ಸ್ವಲ್ಪ ಮುಂದಕ್ಕೆ ಬಾಗಿ ಕೂರುತ್ತಾಳೆ. ಅದಕ್ಕೇ ಏನೋ, ಮೇಷ್ಟ್ರು ಅವಳತ್ತ ನೋಡುವುದು ಕಡಿಮೆ.

ಹತ್ತು ನಿಮಿಷದಲ್ಲಿ ಕಾರು ಅಡ್ಡರಸ್ತೆಯೊಂದರ ತುದಿಗೆ ಬಂದು ನಿಲ್ಲುತ್ತದೆ. ಬಲಗಡೆಯಿಂದ ಬೇಕರಿ ವ್ಯಾನೊಂದು ಎಡಕ್ಕೆ ಇಂಡಿಕೇಟರ್ ಮಿನುಗಿಸುತ್ತ ಬರುತ್ತಿದೆ. ಮೇಷ್ಟ್ರ ಪಾದ ಬಿಗಿಯುತ್ತದೆ. ಅವಳ ಕೈ ಅಲುಗುವುದಿಲ್ಲ. ಹಿಂದಿನ ಸ್ಕೂಟರಿನವನು ಎರಡು ಸಲ ಹಾರ್ನ್ ಬಾರಿಸಿ ಕೂಗುತ್ತಾನೆ.

"ಏನಮ್ಮಾ, ಗಾಡಿಗೆ ನಿದ್ದೆ ಬಂತಾ?"

ಅವಳು ಕನ್ನಡಿಯತ್ತಲೂ ತಿರುಗದೆ ವ್ಯಾನಿನ ಮುಂದಿನ ಚಕ್ರವನ್ನೇ ನೋಡುತ್ತಾಳೆ. ಚಕ್ರ ಹೊರಳುತ್ತದೆ. ವ್ಯಾನು ಇಂಡಿಕೇಟರ್ ಹೇಳಿದಂತೆಯೇ ಇದೇ ರಸ್ತೆಗೆ ತಿರುಗಿ, ಬ್ರೆಡ್ಡಿನ ವಾಸನೆ ಬಿಟ್ಟು ಹೋಗುತ್ತದೆ.

"ತಿರುಗೇಬಿಟ್ಟ ಮಾವ. ಸುಮ್ನೆ ಕಾದ್ವಿ."

ಅವಳು ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮತ್ತೆ ಬಲಕ್ಕೆ ನೋಡಿ ಕಾರನ್ನು ಮುಖ್ಯರಸ್ತೆಗೆ ತರುತ್ತಾಳೆ. ಎರಡನೇ ಗೇರು, ಮೂರನೇ ಗೇರು. ಮೇಷ್ಟ್ರ ಕಾಲಡಿಯ ಚಾಪೆಯ ಮೇಲೆ ಚಪ್ಪಲಿ ಹಿಂದಕ್ಕೆ ಸರಿದ ಸದ್ದಾಗುತ್ತದೆ.

"ಕೇಳಿಸ್ತು," ಎನ್ನುತ್ತಾಳೆ, ರಸ್ತೆಯಿಂದ ಕಣ್ಣು ತೆಗೆಯದೆ.

ಸ್ಕೂಲಿಗೆ ಮರಳಿದ ಮೇಲೆ ಅವಳು ನಾಳೆಯ ಕಾಗದಪತ್ರ ಜೋಡಿಸಲು ಒಳಗೆ ಹೋಗುತ್ತಾಳೆ. ಮುಂದಿನ ಪಾಠದವರು ಬರಲು ಇನ್ನೂ ಐದು ನಿಮಿಷವಿದೆ. ಮೇಷ್ಟ್ರು ಇಳಿಯದೆ ಕಾರಿನಲ್ಲೇ ಕೂತಿದ್ದಾರೆ. ಜೋಮು ಹಿಡಿದ ಪಾದವನ್ನು ಎರಡೂ ಕೈಯಲ್ಲಿ ತಿಕ್ಕುತ್ತಿದ್ದಾರೆ.

"ಅವಳಮ್ಮನಿಗೆ 'ಚಕ್ರ ನೋಡು' ಅನ್ನೋ ಈ ಒಂದು ಮಾತು ಹೇಳ್ಕೊಡ್ಲಿಲ್ಲ ನಾನು," ಎನ್ನುತ್ತಾರೆ. "ಇವಳು ಆಯಸ್ಸು ಪೂರ್ತಿ ಹೀಗೇ ಸುಮ್‌ಸುಮ್ನೆ ಕಾಯ್ತಾ ಇರ್ಲಿ. ಅಷ್ಟು ಸಾಕು ನನಗೆ."