ಕರಿ ಅಂಗಿಯ ಬಿಳಿ ಹೊಲಿಗೆ

ಕಪ್ಪು ಬಣ್ಣದ ಪರವಾಗಿ ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ನಾನೊಮ್ಮೆ ಢಾಲು ಗೆದ್ದಿದ್ದೇನೆ. ಆದ್ದರಿಂದ ಕಪ್ಪಿನ ಬಗ್ಗೆ ನನಗೆ ಎಲ್ಲ ಗೊತ್ತು ಎಂದು ಬಹಳ ದಿನ ನಂಬಿದ್ದೆ.

ಇದು ನೆನಪಾಗಲು ಕಾರಣ ಮೊನ್ನೆ ಜೇವರ್ಗಿಯ ಕ್ಷೌರದಂಗಡಿಯಲ್ಲಿ ಕಂಡ ಒಂದು ವಾರಪತ್ರಿಕೆ. ವಿದೇಶದ ತರುಣ ತರುಣಿಯರು ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟು, ಕಣ್ಣಿಗೆ ಕಾಡಿಗೆ ಮೆತ್ತಿಕೊಂಡು, ಗೋರಿಯ ಕಲ್ಲಿಗೆ ಒರಗಿ ನಿಂತಿದ್ದರು. ಕೆಲವು ವರ್ಷದ ಹಿಂದಿನ ಈ ಷೋಕಿ ಮತ್ತೆ ಬಂದಿದೆಯಂತೆ. ದುಃಖವೂ ಚೆಂದವೇ ಎಂಬುದು ಅವರ ವಾದವಂತೆ. ಬಸ್‌ಸ್ಟ್ಯಾಂಡಿಗೆ ಬಂದರೆ ನಮ್ಮ ಹುಡುಗರದೂ ಕರಿ ಅಂಗಿ, ಕರಿ ಪ್ಯಾಂಟು. ನಮ್ಮ ಕಡೆಯ ಬಿಸಿಲಿನಲ್ಲಿ ಕಪ್ಪು ತೊಡುವವನಿಗೆ ದುಃಖ ಬೇರೆ ಕಡೆಯಿಂದ ಬರಬೇಕಾಗಿಲ್ಲ.

ನಾನು ಆಳಂದದಲ್ಲಿ ಬಿ.ಎ. ಓದುವಾಗಲೂ ಇದೇ ಗಾಳಿ ಬೀಸಿತ್ತು. ಅವ್ವ ಮಾತ್ರ ಕರಿ ಬಟ್ಟೆ ಮನೆಯೊಳಗೆ ಬೇಡ ಎನ್ನುತ್ತಿದ್ದಳು. ನಾನು ಚರ್ಚಾಸ್ಪರ್ಧೆಯ ಹುಡುಗ. ರೊಟ್ಟಿ ಬಡಿಯುವವಳ ಎದುರು ನಿಂತು ವಾದ ಹೂಡುತ್ತಿದ್ದೆ. ನಿನ್ನ ಕೊರಳ ಕರಿಮಣಿ ಯಾವ ಬಣ್ಣ? ಜೋಳ ಕೊಡುವ ಎರೆಹೊಲ ಯಾವ ಬಣ್ಣ? ಕೂಸಿನ ಕೆನ್ನೆಗೆ ಇಡುವ ಬೊಟ್ಟು? ಅವಳ ಪ್ರತಿವಾದ ಒಂದೇ: "ನಿನ್ನ ಬಾಯಿಗಿ ಹಾಕೋ ಕೀಲಿ ಯಾ ಅಂಗಡ್ಯಾಗ ಸಿಗ್ತದಲೇ?"

ಅದೇ ವರ್ಷ ನನ್ನ ಅಣ್ಣ ತೀರಿಕೊಂಡ. ಗೊಬ್ಬೂರಿನಲ್ಲಿ ಮಾಸ್ತರನಾಗಿದ್ದ, ಕಾಮಾಲೆ ಬಂದು ಹತ್ತೇ ದಿನದಲ್ಲಿ ಹೋದ. ಸತ್ತವರ ಬಟ್ಟೆ ಮನೆಯಲ್ಲಿ ಉಳಿದರೆ ಹೋದ ಜೀವ ಅದನ್ನು ಹುಡುಕಿಕೊಂಡು ಬರುತ್ತದೆ ಎಂದಳು ಸೋದರತ್ತೆ. ಅಪ್ಪ ತನ್ನ ಅಕ್ಕನ ಮಾತು ಮೀರುವವನಲ್ಲ. ಶಿವಗಣಾರಾಧನೆಯ ದಿನ ಅವಳೇ ನಿಂತು ಗಂಟು ಕಟ್ಟಿಸಿ, ಎಲ್ಲ ದಾನ ಮಾಡಿಸಿದಳು. ಅವ್ವ ಸುಮ್ಮನೆ ತಲೆಯಾಡಿಸಿದಳು. ಇದು ಮೂಢನಂಬಿಕೆ ಎಂದು ನಾನು ಅವತ್ತೂ ವಾದಿಸಿದೆ. ಅಳುವ ಮನೆಯಲ್ಲಿ ನಿಂತು ಬೆರಳೆತ್ತಿ ವಾದಿಸಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರು ತಿಂಗಳ ಮೇಲೆ ಅವ್ವ ತಾನಾಗಿಯೇ ಒಂದು ಕರಿ ಅಂಗಿ ತಂದು ನನ್ನ ಮುಂದಿಟ್ಟಳು. "ತೊಗೋಪಾ. ನೀನೇ ಗೆದ್ದಿ."

ತರ್ಕಕ್ಕೆ ತಾಯಿಯೂ ಮಣಿದಳು ಎಂದು ನಾನು ಬೀಗಿದೆ. ಅಂಗಿಯಾದರೂ ಎಂಥದು! ಮೈಯೆಲ್ಲ ಕಪ್ಪು, ಹೊಲಿಗೆ ಮಾತ್ರ ಹಾಲಿನಂತೆ ಬಿಳಿ. ಎದೆಯ ಕಿಸೆಯೊಳಗೆ ಇನ್ನೊಂದು ಪುಟ್ಟ ಕಿಸೆ. ಅದರಲ್ಲಿ ಟಿಪ್ಪಣಿಯ ಚೀಟಿ ಇಟ್ಟುಕೊಂಡೇ, ಕಪ್ಪು ಅಪಶಕುನವಲ್ಲ ಎಂದು ವಾದಿಸಿ ಢಾಲು ತಂದೆ. ಕಾಲೇಜಿನ ಗೆಳೆಯರಿಬ್ಬರು ತಮಗೂ ಅಂಥದೇ ಬಿಳಿ ಹೊಲಿಗೆ ಬೇಕೆಂದು ನನ್ನನ್ನು ಆಳಂದದ ದರ್ಜಿಯ ಹತ್ತಿರ ಎಳೆದೊಯ್ದರು.

ನಮ್ಮ ಮನೆಯವರನ್ನೆಲ್ಲ ಬಲ್ಲ ಮುದುಕ ದರ್ಜಿ ಕಾಲರು ತಿರುವಿ ನೋಡಿ ನಕ್ಕ. "ಇದು ಫ್ಯಾಷನ್ ಅಲ್ಲ ತಮ್ಮಾ. ಬಿಳೇ ಅಂಗಿಗಿ ಬಣ್ಣ ಹಾಕ್ಯಾರ. ಬಟ್ಟಿ ಹತ್ತೀದು, ಬಣ್ಣ ಕುಡೀತು. ದಾರ ಪಾಲಿಸ್ಟರ್‌ದು, ಕುಡೀಲಿಲ್ಲ." ಆಮೇಲೆ ಒಳಕಿಸೆಗೆ ಬೆರಳು ಹಾಕಿದ. ನಗು ಹೋಯಿತು. "ಈ ಹೊಲಿಗಿ ನಂದೇ ಅದ. ನಿಮ್ಮಣ್ಣ ಮಾಸ್ತರ್ರು ಖಡು, ಅದೇ ಚಾಕ್‌ಪೀಸ್, ಇಡಾಕ ಕಿಸೇದಾಗ ಕಿಸೆ ಹೊಲಸಿಕೊಂಡಿದ್ರು. ಹಲಗಿ ಮ್ಯಾಲ ಬರ್ಯಾಕ ತುಂಡು ಸಾಲಂಗಿಲ್ಲ ಅಂತಿದ್ರು."

ಆಗ ಹೊಳೆಯಿತು. ಅಣ್ಣ ಹಾಸಿಗೆ ಹಿಡಿಯುವ ಮುಂಚೆ ಒಂದು ಅಂಗಿ ಇಸ್ತ್ರಿಗೆ ಹೋಗಿತ್ತು. ದಾನದ ಗಂಟು ಹೋದ ಮೇಲೆ ಅದು ಮಡಿಕೆ ಮುರಿಯದೆ ಅವ್ವನ ಕೈಗೆ ಬಂದಿರಬೇಕು. ಗೋರಿಗೆ ಒರಗಿದ ಆ ವಿದೇಶದ ಹುಡುಗರು ದುಃಖ ಕಾಣಲೆಂದು ಕಪ್ಪು ತೊಡುತ್ತಾರೆ. ಅವ್ವ ಅದು ಕಾಣಬಾರದೆಂದು ಕಪ್ಪು ಹಾಕಿಸಿದ್ದಳು. ನನ್ನ ತರ್ಕಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅತ್ತೆಯ ಮಾತನ್ನು ಅವಳು ನಂಬಲಿಲ್ಲ ಎಂದೂ ಅಲ್ಲ. ನಂಬಿದ್ದಕ್ಕೇ ಇಟ್ಟುಕೊಂಡಳೋ ಏನೋ, ಹುಡುಕಿಕೊಂಡು ಬರುವುದಾದರೆ ಬರಲಿ ಎಂದು.

ನಮ್ಮೂರು ನರೋಣಾದ ಮನೆಗೆ ಬಂದರೆ ಊರಿಂದ ಬಂದ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಕಣ್ಣು ಹೊಲಿಗೆಯ ಮೇಲೆ ನಿಂತಿತು.

"ಯಾರದಲೇ ಈ ಅಂಗಿ?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆಗೆ ತಿಳಿದರೆ ಅಂಗಿ ಸಂಜೆಯೊಳಗೆ ಮನೆ ಬಿಡುತ್ತಿತ್ತು. ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯಲು ಇದಕ್ಕಿಂತ ಒಳ್ಳೆಯ ವೇದಿಕೆ ನನಗೆ ಜನ್ಮದಲ್ಲಿ ಸಿಗುವಂತಿರಲಿಲ್ಲ. ಸತ್ಯವೂ ತರ್ಕವೂ ನನ್ನ ಕಡೆಗೇ ಇದ್ದವು.

"ನಂದೇ ಅತ್ತಿ. ಆಳಂದದಾಗ ಹೊಲಸೀನಿ. ಈಗ ಹಿಂಗೇ ಫ್ಯಾಷನ್ ಅದರಿ."

"ಸುಡು ನಿಮ್ಮ ಫ್ಯಾಷನ್! ಕಾಗಿ ಹಾಂಗ ಕಾಣಾಕತ್ತಿ."

ಸ್ವಲ್ಪ ಹೊತ್ತಿಗೆ ಸಪ್ಪಳ ಮತ್ತೆ ಶುರುವಾಯಿತು. ಅವ್ವ ಅವತ್ತು ನನಗೆ ಒಂದು ರೊಟ್ಟಿ ಹೆಚ್ಚು ಹಾಕಿದಳು.

ಆ ಅಂಗಿ ಈಗಲೂ ಇದೆ. ಒಗೆದು ಒಗೆದು ಬಣ್ಣ ಇಳಿದು ವಿಭೂತಿಯಂತಾಗಿದೆ. ಹೊಲಿಗೆ ಎಲ್ಲಿದೆ ಎಂದು ಕಣ್ಣಿಟ್ಟು ಹುಡುಕಬೇಕು. ಮೊನ್ನೆ ಜೇವರ್ಗಿಯಿಂದ ಬಂದವನೇ ಅವ್ವನಿಗೆ ಹೇಳಿದೆ, "ಕರೀದು ಮತ್ತ ಫ್ಯಾಷನ್ ಬಂದದ ಬೇ. ಇದಕ್ಕ ಇನ್ನೊಮ್ಮಿ ಬಣ್ಣ ಹಾಕಸೂಣೇನು?"

ಅವ್ವ ಅಂಗಿಯನ್ನು ಮಡಿಲ ಮೇಲೆ ಹರವಿ, ಪುಟ್ಟ ಕಿಸೆಯೊಳಗೆ ಬೆರಳಾಡಿಸಿದಳು.

"ಬ್ಯಾಡಪಾ. ಬೆಳ್ಳಗಾಗ್ಲಿ ಬಿಡು. ಅಂವಗ ಬಿಳೀದೇ ಸೇರ್ತಿತ್ತು."

ವಿಷಯದ ಪರ, ವಿರುದ್ಧ ಎರಡನ್ನೂ ಬಿಟ್ಟು ನಾನು ಅಂಗಿಯನ್ನು ಇನ್ನೊಮ್ಮೆ ಒಗೆಯಲು ಹಾಕಿದೆ.