ಅತ್ತೆಯವರು ನನ್ನನ್ನು ಹೊರಗೆ ಕೂಡಿಸಿದ್ದು

ನಶ್ಯ ಏರಿಸಿ ಏರಿಸಿ ಅತ್ತೆಯವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಕಂದು ಬಣ್ಣಕ್ಕೆ ತಿರುಗಿದ್ದವು. ಎಷ್ಟು ಉಜ್ಜಿದರೂ ಆ ಬಣ್ಣ ಹೋಗುತ್ತಿರಲಿಲ್ಲ. ಆ ಬೆರಳು ನನ್ನ ಕಡೆ ಚಾಚಿತೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಮಡಿ-ಮೈಲಿಗೆಯ ವಿಷಯದಲ್ಲಿ ಅವರು ಇಡೀ ಧಾರವಾಡವನ್ನೇ ಬರೋಡಾದ ರೈಲ್ವೆ ಕ್ವಾರ್ಟರ್ಸಿಗೆ ಎತ್ತಿಕೊಂಡು ಬಂದಿದ್ದರು. ಹಾಲಿನವನು ಪಾತ್ರೆ ಮುಟ್ಟಿದರೆ ಅವನಿಗೆ ಕನ್ನಡದಲ್ಲೇ ಬೈಗಳು. ಅವನು ನಗುನಗುತ್ತಾ ಗುಜರಾತಿಯಲ್ಲಿ ಏನೋ ಹೇಳಿ ಹೋಗುತ್ತಿದ್ದ. ಹಿಂದಿ, ಗುಜರಾತಿ ಎರಡೂ ಅತ್ತೆಯವರಿಗೆ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಪ್ರತಿ ತಿಂಗಳು ಹೊರಗೆ ಕೂತಾಗ ಹಿಂದಿನ ವರಾಂಡದ ಚಾಪೆಯ ಮೇಲೆ, ನೋವಿನ ಕೂಗು ಹೊರಬೀಳದಂತೆ ಸೆರಗು ಕಚ್ಚಿಕೊಂಡು ಬಿದ್ದಿರುತ್ತಿದ್ದೆ. ಫತೇಗಂಜಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭಕೋಶದ ಒಳಗಿರಬೇಕಾದ ಪದರ ಹೊರಗೂ ಬೆಳೆದಿದೆ, ತಿಂಗಳಿಗೊಮ್ಮೆ ಅಲ್ಲಿಯೂ ರಕ್ತ ಒಸರುತ್ತದೆ ಎಂದರು. ಹೊಸದಾಗಿ ಬಂದ ಹಾರ್ಮೋನಿನ ಗುಳಿಗೆ ಕೊಟ್ಟರು. ಬಿಡದೆ ನುಂಗಿದರೆ ಮುಟ್ಟು ನಿಲ್ಲುತ್ತದೆ. ದೇಹ ತಾನು ಬಸಿರೆಂದು ತಿಳಿಯುತ್ತದೆ. ಅಷ್ಟರಲ್ಲಿ ಹೊರಗೆ ಬೆಳೆದದ್ದು ಒಣಗೀತು. ಒಣಗದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾದೀತು. ಆ ಮಾತು ಕೇಳಿದಂದಿನಿಂದ ನನಗೆ ಅನ್ನ ಸೇರಲಿಲ್ಲ.

ನಮ್ಮ ಮನೆಯವರು, “ಅವ್ವಗ ಹೇಳಬ್ಯಾಡ. ಮಕ್ಕಳು ಬ್ಯಾಡಂತ ಗುಳಿಗಿ ನುಂಗ್ಲಿಕ್ಹತ್ತ್ಯಾಳ ಅಂತ ತಿಳೀತಾಳ” ಎಂದರು. ಹೇಳುವ ಧೈರ್ಯ ನನಗೂ ಇರಲಿಲ್ಲ.

ಮುಟ್ಟು ನಿಂತಿತು. ಬೆಳಿಗ್ಗೆ ಎದ್ದರೆ ವಾಂತಿ. ಎಲ್ಲವೂ ಗುಳಿಗೆ ಮಾಡಿದ ಕೆಲಸ. ಆದರೆ ಹೊರಗೆ ಕೂಡಬೇಕಾದ ಸೊಸೆ ತಿಂಗಳಾನುಗಟ್ಟಲೆ ಒಳಗೇ ಓಡಾಡಿಕೊಂಡಿದ್ದರೆ ಅತ್ತೆಯಾದವಳು ಏನು ತಿಳಿಯಬೇಕು? “ಹುಳಿ ತಿನಬೇಕು ಅನಸ್ತದೇನ, ಹುಡುಗಿ?” ಎಂದು ಮೆತ್ತಗೆ ಕೇಳತೊಡಗಿದರು. ಅವರ ಬೈಗಳಿಗಿಂತ ಆ ಮೆತ್ತನೆಯ ದನಿಗೇ ನಾನು ಹೆಚ್ಚು ಹೆದರಿದೆ.

ನಮ್ಮ ಕಡೆ ಮೂರನೆಯ ತಿಂಗಳಿಗೆ, ಊರಿಗೆ ಸಾರದೆ ಮನೆಮಟ್ಟಿಗೆ ಬಸುರಿಗೆ ಹಸಿರು ಕುಬಸ ತೊಡಿಸುತ್ತಾರೆ. ಅದಕ್ಕೇ ಅದು ಕಳ್ಳಕುಬಸ. ಅತ್ತೆಯವರು ವಿಧವೆ, ತಾವು ತೊಡಿಸುವಂತಿಲ್ಲ. ಪಕ್ಕದ ಮನೆಯ ಗುಜರಾತಿ ಹೆಂಗಸಿಗೆ, ನಾವೆಲ್ಲ ಬೇನ್ ಎಂದು ಕರೆಯುತ್ತಿದ್ದವಳಿಗೆ, ಕೈಸನ್ನೆ, ಬಾಯಿಸನ್ನೆ ಮಾಡಿ ಒಪ್ಪಿಸಿದ್ದರು. ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಇಲ್ಲದ ಕೂಸಿಗೆ ಆರತಿ! ಬೇನ್ ನನ್ನ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಆಗಲೇ ಬೆಚ್ಚಗೆ ಹರಿದದ್ದು ತಿಳಿಯಿತು. ನಾನು ಎದ್ದೆ. ಮಣೆಯ ಮೇಲೆ ರಕ್ತ.

ಅತ್ತೆಯವರು ಕಿಟಾರನೆ ಕಿರುಚಿದರು. ನಮ್ಮ ಮನೆಯವರು ಡ್ಯೂಟಿ ಮೇಲೆ ಹೋಗಿದ್ದರು. ಅತ್ತೆಯವರೇ ನನ್ನನ್ನು ತಬ್ಬಿ ಹಿಡಿದು ಟಾಂಗಾ ಹತ್ತಿಸಿದರು. ಮಡಿ ಎಲ್ಲಿ ಹೋಯಿತೋ.

ಡಾಕ್ಟರಮ್ಮ ನೋಡಿ, ಗಾಬರಿ ಬೇಡ, ಈ ಗುಳಿಗೆಯಲ್ಲಿ ಹೀಗೆ ನಡುವೆ ರಕ್ತ ಕಾಣುವುದುಂಟು, ಪ್ರಮಾಣ ಏರಿಸೋಣ, ಗುಳಿಗೆ ಮಾತ್ರ ನಿಲ್ಲಿಸಬೇಡ ಎಂದು ಹಿಂದಿಯಲ್ಲಿ ಹೇಳಿದರು. ಅತ್ತೆಯವರು ನನ್ನ ತೋಳು ಜಗ್ಗಿದರು. “ಏನಂತಾರ? ಕೂಸು ಉಳೀತದಂತೇನು?”

ಕನ್ನಡಕ್ಕೆ ತಿರುಗಿಸಿ ಹೇಳಬೇಕಾದವಳು ನಾನೇ. ಹೋಯಿತಂತೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಮುಖ ನೋಡಿ ನನ್ನ ಬಾಯಿಗೆ ಬಂದದ್ದು, “ಕೂಸು ಇರಲೇ ಇಲ್ರಿ.” ನೋವು, ಗುಳಿಗೆ, ಕೊಯ್ಯಬೇಕಾದೀತೆಂಬ ಮಾತು, ಎಲ್ಲವನ್ನೂ ತಡವರಿಸುತ್ತಾ ಹೇಳಿದೆ.

ಮರಳಿ ಬರುವಾಗ ಅವರು ಟಾಂಗಾದ ಆಚೆ ತುದಿಗೆ ಸರಿದು ಕೂತರು. ನಾಳೆಯ ಗಾಡಿಗೇ ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದುಕೊಂಡೆ. ಮನೆ ಸೇರಿದ ಮೇಲೆ, “ಗುಳಿಗಿ ತಾ” ಎಂದರು. ಒಲೆಗೆ ಹಾಕುತ್ತಾರೆಂದೇ ತಿಳಿದು ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು. “ಇನ್ನ ದಿನಾ ನಾ ಕೊಡ್ತೀನಿ. ನೀ ಹೊರಗ ಕೂಡು.”

“ಇದು ಮುಟ್ಟಲ್ರಿ...”

“ಗೊತ್ತದ ನನಗ. ನೀ ಒಳಗ ಓಡ್ಯಾಡಿದರ ಬಾಜೂದಾಕಿ ತಿಂಗಳಾ ಎಣಸ್ತಾಳ. ಹೊರಗ ಕೂತರ ಕೂಸು ಹೋತು ಅಂತ ತಿಳೀತಾಳ, ಯಾರೂ ಕೇಳೂದಿಲ್ಲ. ನಿನಗೂ ಆರಾಮ.”

ಗುಳಿಗೆ ಮುಗಿಯುವತನಕ ಪ್ರತಿ ತಿಂಗಳೂ, ಮುಟ್ಟಿಲ್ಲದ ನನ್ನನ್ನು ಅವರು ಹೊರಗೆ ಕೂಡಿಸಿದರು. ಅಡಿಗೆ ತಾವೇ ಮಾಡಿ, ತಾಟನ್ನು ದೂರದಿಂದ ಸರಿಸುತ್ತಿದ್ದರು. ಅನ್ನದ ಪಕ್ಕದಲ್ಲಿ ಗುಳಿಗೆ ಇರುತ್ತಿತ್ತು. ಒಂದು ಹನಿ ನೀರಿನ ಮೈಲಿಗೆಗೂ ಮತ್ತೆ ಸ್ನಾನ ಮಾಡುತ್ತಿದ್ದ ಹೆಂಗಸು ನನಗಾಗಿ ಆ ಮಡಿಯಲ್ಲೇ ಸುಳ್ಳಾಡಿದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ವರಾಂಡದಲ್ಲಿ.

ನೋವು ಬಹಳಷ್ಟು ಇಳಿಯಿತು. ಕೊಯ್ಯಬೇಕಾಗಲಿಲ್ಲ. ಮಕ್ಕಳೂ ಆಗಲಿಲ್ಲ. ಊರಿನ ನೆಂಟರು ನಮ್ಮ ಮನೆಯವರಿಗೆ ಇನ್ನೊಂದು ಲಗ್ನದ ಮಾತೆತ್ತಿದಾಗ ಅತ್ತೆಯವರು, “ಈಕಿ ಉಳದಾಳಲ್ಲ, ಸಾಕು ನನಗ. ಚಹಾ ಕುಡದು ಏಳ್ರಿ” ಎಂದಿದ್ದರು.

ಕೆಲವು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ಅಷ್ಟು ಹೊತ್ತಿಗೆ ನನ್ನ ನೋವು ಮರಳಿತ್ತು, ಅದರ ಜೊತೆ ಹಳೆಯ ಹೆದರಿಕೆಯೂ. ಯಾರಿಗೂ ಹೇಳಿರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅವರಿಗೆ ನೀರು ಕುಡಿಸಲು ಬಗ್ಗಿದವಳು ಹಾಗೇ ಅರೆಗಳಿಗೆ ನಿಂತುಬಿಟ್ಟೆ. ಅವರು ಕಣ್ಣು ಬಿಟ್ಟು ನೋಡಿದರು.

“ನೋವು ಅದ ಏನ?”

“ಇಲ್ರಿ, ಅತ್ತಿಯವರ.”

ನಂಬಲಿಲ್ಲ ಎಂದು ಕಾಣುತ್ತದೆ. ನನ್ನ ಕೈ ಹಿಡಿದುಕೊಂಡವರು ಉಸಿರು ನಿಲ್ಲುವತನಕ ಬಿಡಲಿಲ್ಲ.